ನಾಲ್ಕು ತೂತು

ಬಣ್ಣ ನೋಡಬೇಡ. ಮಾಲೀಕ ಕತೆ ಹೇಳಿದರೆ
ತಲೆಯಾಡಿಸು, ಬರೆದುಕೊಳ್ಳಬೇಡ.
ನನಗೆ ಈ ಕೆಲಸ ಕಲಿಸಿದವನು ಹೇಳಿದ್ದಿಷ್ಟೇ.
ಮಂಡಿಯೂರಿದೆ, ಟಾರ್ಚು ಹಚ್ಚಿದೆ.

ವ್ಯೂರ್ನೆಯ ಆಚೆ, ಸಮುದ್ರದ ಕೈಯಿಂದ ಕಿತ್ತುಕೊಂಡ ಬಯಲು.
ಬೀಟ್‌ಗೆಡ್ಡೆ ಪೇರಿಸುವ ಕೊಟ್ಟಿಗೆ.
ಯೋರಿಸ್ ಟಾರ್ಪಾಲು ಸರಿಸಿದ: "ಡಿಸೋಟೊ. ಮೂವತ್ತೆಂಟರದು.
ಅಜ್ಜ ಆಕ್ಟಾಫ್ ಆಂಟ್‌ವರ್ಪ್‌ನಲ್ಲಿ ಕೊಂಡದ್ದು.
ಅಮೆರಿಕದಿಂದ ಹಡಗಿನಲ್ಲಿ ಬಂದ ಕಾರು."

ಹಡಗಿನಲ್ಲಿ ಬಂದದ್ದು ನಿಜ, ಕಾರಾಗಿ ಬರಲಿಲ್ಲ.
ಪೆಟ್ಟಿಗೆಗಳಾಗಿ ಬಂತು. ಒಂದರಲ್ಲಿ ಬಾಗಿಲು, ಒಂದರಲ್ಲಿ ಮಡ್‌ಗಾರ್ಡು,
ಹುಲ್ಲಿನಲ್ಲಿ ಸುತ್ತಿದ ಗಾಜು;
ಬಂದರಿನ ಶೆಡ್ಡಿನಲ್ಲಿ ಫ್ಲೆಮಿಶ್ ಬೈಗುಳದ ಜತೆಗೇ ಬೋಲ್ಟು ಬಿಗಿದರು.
ಹಿಂದಿನ ಸೀಟು ಎತ್ತಿದೆ: ಅಡಿಹಲಗೆ ಪೆಟ್ಟಿಗೆಯದೇ ಪೈನ್ ಮರ,
ಅದರ ಮೇಲೆ ಕಪ್ಪು ಮಸಿಯಲ್ಲಿ
ತಲೆಕೆಳಗಾಗಿ ಅರ್ಧ ಊರಿನ ಹೆಸರು.

ವೇಗದ ಮುಳ್ಳು ಕಿಲೋಮೀಟರು ತೋರಿಸುತ್ತದೆ.
ಬಾಗಿಲ ಕಂಬದೊಳಗೆ ಮಡಿಸಿಟ್ಟ ಕಿತ್ತಳೆ ಕೈ,
ತಿರುವು ಬಂದಾಗ ಚಾಚುವುದಕ್ಕೆ.
(ಅಲ್ಲಿಯವರು ಕಿಟಕಿಯಿಂದ ತಮ್ಮದೇ ಕೈ ಚಾಚುತ್ತಿದ್ದರು.)
ದೀಪಗಳು ಫ್ರೆಂಚರವು. ಎಡಗಡೆಯದು ಕುರುಡು.

ಎಂಜಿನ್ನಿನ ತಲೆ ಆಗಲೇ ಬಿಚ್ಚಿತ್ತು. ಕ್ಯಾಲಿಪರ್ ಇಟ್ಟೆ:
ಎಪ್ಪತ್ತಮೂರು ಮಿಲಿಮೀಟರು.
ಡೆಟ್ರಾಯಿಟಿನ ಬೀದಿಗೆಂದು ಮಾಡಿದ್ದರೆ ಎಪ್ಪತ್ತೊಂಬತ್ತು ಇರಬೇಕಿತ್ತು.
ಇಲ್ಲಿ ಎಂಜಿನ್ ದೊಡ್ಡದಾದಷ್ಟೂ ತೆರಿಗೆ ದೊಡ್ಡದು,
ಹಾಗಾಗಿ ಸಾಗರ ದಾಟುವವರಿಗೆ
ಚಿಕ್ಕ ಶ್ವಾಸಕೋಶ ಕೊಟ್ಟು ಕಳಿಸುತ್ತಿದ್ದರು.

ಬ್ಲಾಕಿನ ಎಣ್ಣೆಜಿಡ್ಡು ಒರೆಸಿದೆ. ಅಂಕಿಗಳ ಮುಂದೆ ಒಂದು ಅಕ್ಷರ: ಪಿ.
ಪ್ಲಿಮತ್.
"ಅದೇ ಮನೆಯ ಕಿರಿಯ ಹುಡುಗಿ," ಅಂದೆ,
"ಹೊರದೇಶಕ್ಕೆ ಕಳಿಸುವಾಗ ಅಕ್ಕನ ಒಡವೆ ಹಾಕಿ ಕಳಿಸಿದ್ದಾರೆ."

ಒಡವೆಯಾದರೂ ಎಲ್ಲಿ?
ಬಾನೆಟ್ಟಿನ ಮೂಗಿನ ಮೇಲೆ ಬೆರಳಾಡಿಸಿದೆ.
ಬಣ್ಣದಡಿ ನಾಲ್ಕು ತೂತು,
ಸೀಸ ತುಂಬಿ, ನಯವಾಗಿ ಉಜ್ಜಿದ್ದು, ಆತುರದಲ್ಲಲ್ಲ.
ಬೆಲೆ ತರುವ ಹೆಸರನ್ನು ತಾನೇ ಕಿತ್ತುಕೊಳ್ಳುವವನು ಯಾರು?

ಯೋರಿಸನ ಮುಖ ಇಳಿಯಿತು.
"ಹಾಗಾದರೆ ಅಜ್ಜ ಮೋಸ ಹೋದನಾ?"

ಬಾಗಿಲಲ್ಲಿ ಇರ್ಮಾ. ಎಪ್ಪತ್ತೊಂಬತ್ತು. ಏಪ್ರನ್ನಿನ ಮಡಿಲಲ್ಲಿ ಮೊಟ್ಟೆ.
"ಮೋಸ ಹೋದದ್ದು ಅವನಲ್ಲ," ಅಂದಳು.

"ನಲವತ್ತನೆಯ ಇಸವಿ, ಆಗಸ್ಟ್. ಕಾರುಗಳ ಪಟ್ಟಿ ಹಿಡಿದು ಬಂದರು.
ಪಟ್ಟಿಯಲ್ಲಿ ನಮ್ಮದು: ಡಿಸೋಟೊ, ಒಂದು.
ವಾರದ ಹಿಂದೆಯೇ ಸುದ್ದಿ ಸಿಕ್ಕಿತ್ತು,
ಆಕ್ಟಾಫ್ ಫಲಕ ಕಿತ್ತು, ಇಡೀ ಮೂಗಿಗೆ ಬಣ್ಣ ಹೊಡೆದಿದ್ದ.
ಬ್ಲಾಕಿನ ಅಂಕಿ ತೋರಿಸಿ, ನೀವೇ ಓದಿಕೊಳ್ಳಿ, ಅಂದ.
ಅಧಿಕಾರಿ ಕನ್ನಡಕ ಹಾಕಿಕೊಂಡು ಓದಿದ. ಶಿಸ್ತಿನ ಮನುಷ್ಯ.
ಪಟ್ಟಿಯಲ್ಲಿ ಇಲ್ಲದ್ದನ್ನು ಹೇಗೆ ಒಯ್ಯುತ್ತಾನೆ?
ಟಯರುಗಳನ್ನು ಮಾತ್ರ ಒಯ್ದ.
ಟಯರಿಗೆ ಬೇರೆ ಪಟ್ಟಿ ಇತ್ತು."

ಡಿಸೋಟೊ ಎಲ್ಲಿ ಅಂತ ಕೇಳಲಿಲ್ಲವೇ?

"ಕೇಳದೆ ಬಿಡುತ್ತಾರೆಯೇ? ಮೇ ತಿಂಗಳಲ್ಲಿ
ಡನ್‌ಕರ್ಕ್ ಕಡೆ ಓಡಿದವರ ಜತೆ ಹೋಯಿತು, ಅಂದೆ.
ಆ ದಿನ ಈ ಮನೆಯಲ್ಲಿ ಹೇಳಿದ ಸುಳ್ಳು ಅದೊಂದೇ,
ಅದೂ ನನ್ನ ಪಾಲಿನದು."

ಹಿತ್ತಿಲಿಗೆ ಕರೆದೊಯ್ದಳು.
ಕೋಳಿಗೂಡಿನ ಬಾಗಿಲಿಗೆ ಚಿಲಕವಾಗಿ
ಎನಾಮಲ್ ಉದುರಿದ ಒಂದು ಫಲಕ.
ಮೂರು ಕಾಲು ಅರೆದಿದ್ದಾರೆ, ನಾಲ್ಕನೆಯದರ ಮೇಲೆ ತಿರುಗುತ್ತದೆ,
ಐವತ್ತಾರು ವರ್ಷದಿಂದ, ದಿನಕ್ಕೆ ಎರಡು ಸಲ.

ಮೊಂಡುಗಾಲುಗಳ ಅಂತರ ಅಳೆದೆ.
ಕೊಟ್ಟಿಗೆಗೆ ಹೋಗಿ ತೂತುಗಳ ಅಂತರ ಅಳೆದೆ.
ಕೂದಲೆಳೆಯೂ ವ್ಯತ್ಯಾಸವಿಲ್ಲ.

ನಮೂನೆಯಲ್ಲಿ 'ತಯಾರಿಕೆ' ಎಂಬ ಖಾನೆ ಇನ್ನೂ ಖಾಲಿ.
ಯೋರಿಸ್ ಆಗಲೇ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ.

"ಕೀಳಬೇಡ," ಅಂದಳು ಇರ್ಮಾ,
"ಕತ್ತಲಾಗುತ್ತಿದೆ. ನರಿ ಬರುತ್ತದೆ."